ಡ್ರೋನಿನೊಳಗೆ ಅವ್ವನ ಗಂಟು

ಆ ಡ್ರೋನ್ ಎಲ್ಲಿ ಹುಟ್ಟಿತೆಂದು ನನಗೆ ಗೊತ್ತಿತ್ತು, ಚಂದ್ರಮ್ಮ. ಕೊಡ್ಲಿ ಊರಿನ ತೊಗರಿ ಹೊಲದಲ್ಲಿ ಕಳೆ ಕೀಳುತ್ತಿದ್ದ ನಿನ್ನ ಗಂಡ ಭೀಮಶ್ಯಾನ ಮೇಲೆ ಅದು ಬಿದ್ದ ಎಂಟನೇ ದಿನಕ್ಕೇ ಗೊತ್ತಾಗಿತ್ತು. ಮೂರು ವರ್ಷ ಬಾಯಿ ಬಿಡಲಿಲ್ಲ. ಬರೀ ಸುಮ್ಮನಿದ್ದರೆ ಬೇರೆ ಮಾತು— ನಾನು ಸುಳ್ಳು ಹೇಳಿ ಅದರ ಕೆಳಗೆ ಸಹಿಯನ್ನೂ ಮಾಡಿದೆ.

ನಾನು ಶಹಾಬಾದಿನಲ್ಲಿ ಮೋಟಾರ್ ಸುತ್ತುವವನು. ಸುಟ್ಟ ಬೋರ್‌ವೆಲ್ ಮೋಟಾರಿನ ಹಳೆ ತಂತಿ ಕಿತ್ತು, ಹೊಸ ತಾಮ್ರ ಸುತ್ತಿ, ದಾರದಿಂದ ಬಿಗಿದು ಕೊಡುವುದು ನನ್ನ ಕೆಲಸ. ಸೇಡಂನಿಂದ ಚಿಂಚೋಳಿಯವರೆಗೆ ಎಲ್ಲಿ ಮೋಟಾರ್ ಸುಟ್ಟರೂ 'ಮಾಸ್ತರ್ ಹಂತ್ಯಾಕ ಒಯ್ರಿ' ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಊಟ ಬೇಡ— ಅಷ್ಟು ಜಂಬ. ಅದೇ ಹೆಸರು ಕೇಳಿ ತನಿಖೆಯ ಅಧಿಕಾರಿಯೂ ನನ್ನನ್ನು ಚಿಂಚೋಳಿಯ ಒಂದು ಗೋದಾಮಿಗೆ ಕರೆಸಿದರು.

ನಡು ಮಧ್ಯಾಹ್ನ. ಬಿಳಿ ಬಟ್ಟೆಯ ಮೇಲೆ ಡ್ರೋನಿನ ಚೂರುಗಳನ್ನು ಇದ್ದ ಆಕಾರಕ್ಕೇ ಜೋಡಿಸಿದ್ದರು. ಎರಡು ರೆಕ್ಕೆ, ನಡುವೆ ಹೊಟ್ಟೆ, ಮುಂದೆ ಒಡೆದ ಕ್ಯಾಮೆರಾ. ಸ್ನಾನ ಮಾಡಿಸುವ ಮುಂಚೆ ಮಲಗಿಸಿದ ಮೈಯಂತೆ ಕಂಡಿತು. ಒಳಗೆ ಹೋದವನು ತಿಳಿಯದೇ ಚಪ್ಪಲಿ ಬಿಟ್ಟೆ. ಸೈನ್ಯದ ಡ್ರೋನ್ ಅನ್ನುವುದಷ್ಟೇ ಗೊತ್ತಾಗಿತ್ತು. ಯಾರ ಸೈನ್ಯಕ್ಕೆ, ಯಾರು ಮಾಡಿದ್ದು— ಅದು ತಿಳಿದಿರಲಿಲ್ಲ. ಕ್ಯಾಮೆರಾ ಒಂದು ದೇಶದ್ದು, ಸರ್ಕ್ಯೂಟ್ ಇನ್ನೊಂದರದು, ರೆಕ್ಕೆಯ ನಕ್ಷೆ ಮತ್ತೊಂದರ ನಕಲು. ನಂಬರುಗಳನ್ನೆಲ್ಲ ಕೆರೆದು ತೆಗೆದಿದ್ದರು.

"ಮೋಟಾರ್ ಒಂದೇ ತಿಳೀವಲ್ದು ಮಾಸ್ತರ್," ಅಂದರು ಅಧಿಕಾರಿ. "ಇದು ಎಲ್ಲಿ ಹುಟ್ಟ್ಯಾದ ಹೇಳ್ರಿ. ಉಳಿದಿದ್ದು ನಾವು ಹುಡುಕ್ತೀವಿ."

ಕವಚ ಬಿಚ್ಚಿದೆ.

ಒಳಗೆ ನನ್ನ ಅವ್ವನ ಗಂಟು ಇತ್ತು. ಸತ್ತು ಇಪ್ಪತ್ತು ವರ್ಷವಾದ ನನ್ನ ಅವ್ವನದು. ಎರಡು ಸುತ್ತು ಮುಂದೆ, ಒಂದು ಹಿಂದೆ, ಕೊನೆಗೆ ಹೆಬ್ಬೆರಳಿನಷ್ಟು ದಾರದ ಬಾಲ. ಅವ್ವ ಕೌದಿ ಹೊಲಿದು ಮುಗಿಸುವಾಗ ಹಾಕುತ್ತಿದ್ದ ಗಂಟು ಅದು. ಬಾಲ ಕತ್ತರಿಸಲು ಹೋದರೆ ಕೈ ಹಿಡಿಯುತ್ತಿದ್ದಳು: "ಬಿಡೋ ಅದನ್ನ. ಪೂರಾ ಮುಚ್ಚಿದ ಕೌದಿ ಹೆಣಕ್ಕ ಹೊಚ್ಚಾದು." ನಾನು ರೂಢಿಯಿಂದ ಮೋಟಾರಿಗೂ ಹಾಗೆಯೇ ಕಟ್ಟುತ್ತ ಬಂದೆ. ನೀರೆತ್ತುವ ಮೋಟಾರಿನೊಳಗೆ ಜಾಗ ಬೇಕಾದಷ್ಟು. ಬಾಲ ವಾರ್ನಿಶಿನಲ್ಲಿ ಅಂಟಿಕೊಂಡು ತೆಪ್ಪಗಿರುತ್ತದೆ. ಆ ಗಂಟನ್ನು ನಾನು ಕಲಿಸಿದ್ದು ಒಬ್ಬಳಿಗೇ— ವಾಡಿಯ ಅನಸೂಯಾಳಿಗೆ. ನಾಲ್ಕು ವರ್ಷ ನನ್ನ ಅಂಗಡಿಯಲ್ಲಿ ದುಡಿದು, ಹೈದರಾಬಾದಿನಾಚೆಯ ಒಂದು ಸಣ್ಣ ಕಾರ್ಖಾನೆ ಸೇರಿದ್ದಳು. "ಫ್ಯಾನಿನ ಮೋಟಾರ್ ಸುತ್ತಾಕತ್ತೀನ್ರಿ ಮಾಸ್ತರ್," ಅಂದಿದ್ದಳು. ಕಾರ್ಖಾನೆಯವರು ಆಕೆಗೂ ಹಾಗೆಯೇ ಹೇಳಿದ್ದರೋ ಏನೋ.

ಬಾಲ ಕರಕಾಗಿತ್ತು. ಆ ವೇಗದ, ಅಷ್ಟು ಇಕ್ಕಟ್ಟಿನ ಮೋಟಾರಿನಲ್ಲಿ ಅದು ತಿರುಗುವ ಭಾಗಕ್ಕೆ ಸಿಕ್ಕಿ, ತಂತಿಯ ಲೇಪ ಉಜ್ಜಿ, ತಾಮ್ರ ತಾಮ್ರಕ್ಕೆ ತಾಗಿ ಸುಟ್ಟಿತ್ತು. ನಕ್ಷೆಯಲ್ಲಿ ತಪ್ಪಿರಲಿಲ್ಲ, ಚಂದ್ರಮ್ಮ. ತಪ್ಪು ನಾನು ಕಲಿಸಿದ ಆ ಹೆಬ್ಬೆರಳಿನಷ್ಟು ದಾರದಲ್ಲಿತ್ತು.

"ಕೈಲೆ ಕಟ್ಟಿದಂಗ ಕಾಣ್ತದಲ್ರಿ?" ಅಂದರು ಅಧಿಕಾರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ— ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ಇಲ್ರಿ ಸಾಹೇಬ್ರ. ಮಷೀನಿನ ಕೆಲಸ. ಹೊರದೇಶದ ಮಾಲು."

ಅಷ್ಟೇ. ಆ ಮಾತಿನ ಬೆನ್ನು ಹತ್ತಿ ಕಡತ ಹೊರದೇಶಕ್ಕೆ ಹೋಯಿತು, ತಿರುಗಿ ಬರಲಿಲ್ಲ.

ಆದರೆ ನೀನು ಬಂದೆ. ಆ ಡ್ರೋನಿನ ಹೊಟ್ಟೆ ಬಿಚ್ಚಿ ನೋಡಿದವನು ನಾನೊಬ್ಬನೇ ಎಂದು ಯಾರೋ ಹೇಳಿದ್ದರಂತೆ. ಸುಲೇಪೇಟದಿಂದ ಬಸ್ಸು ಬದಲಿಸುತ್ತ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ. "ಮ್ಯಾಲೆ ಯಾರೋ ಸೀರಿ ಹರದಂಗ ಸಪ್ಪಳಾತ್ರಿ. ಆಮ್ಯಾಗ ಸಪ್ಪಳೇ ಇಲ್ಲ," ಅಂದೆ. "ಅದು ಯಾರ್ದಂತ ಹೇಳ್ರಿ ಮಾಸ್ತರ್. ಬೈಲಿಕ್ಕರ ನನಗ ಒಂದು ಹೆಸರು ಬೇಕಲ್ರಿ." ನಾನು ನಿನಗೆ ನೀರು ಕೊಟ್ಟೆ. ನೀರು ಮಾತ್ರ ಕೊಟ್ಟೆ.

ಅಂದಿನಿಂದ ಸುತ್ತಿದ ಮೋಟಾರನ್ನು ಓಡಿಸಿ ನೋಡಲು ಭಯ. ಓಡುವಾಗ ಏನಿಲ್ಲ, ಸ್ವಿಚ್ ತೆಗೆದ ಮೇಲೆ ಸಪ್ಪಳ ನಿಲ್ಲುತ್ತದಲ್ಲ— ಆ ಕ್ಷಣ ತಲೆಯ ಮೇಲೆ ಏನೋ ಇಳಿಯುತ್ತಿರುವಂತಾಗಿ ಛಾವಣಿ ನೋಡುತ್ತೇನೆ. ಗಂಟು ಬದಲಿಸಿದೆ. ಕಣ್ಣಿಟ್ಟು ಬೇರೆ ಗಂಟೇ ಹಾಕುತ್ತೇನೆ. ಮುಗಿಸಿ ನೋಡಿದರೆ ಅಲ್ಲಿ ಅವ್ವನದೇ ಇರುತ್ತದೆ, ಬಾಲ ಸಮೇತ. ಬೆರಳು ನನ್ನವೇ, ಆದರೆ ಕಟ್ಟಿದ್ದು ಯಾವಾಗ ಎಂದು ನೆನಪಿರುವುದಿಲ್ಲ. ಒಂದು ದಿನ ಹದಿನಾರು ಬಾಲ ಕತ್ತರಿಸಿ, ಅಂಗಡಿಗೆ ಬೀಗ ಹಾಕಿ ಮನೆಗೆ ಬಂದುಬಿಟ್ಟೆ.

ಅನಸೂಯಾಳನ್ನು ಉಳಿಸಲು ಹೀಗೆ ಮಾಡಿದೆ ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡೆ. ಬಡವರ ಮಗಳು, ಮದುವೆ ಗೊತ್ತಾಗಿದೆ, ಇತ್ಯಾದಿ. ಅದೂ ಸುಳ್ಳು. ಗೋದಾಮಿನಿಂದ ಬಂದ ಸಂಜೆಯೇ ಅವಳಿಗೆ ಫೋನ್ ಮಾಡಿದ್ದೆ. ಬಹಳ ಹೊತ್ತು ಅತ್ತು ಅವಳು ಅಂದದ್ದು: "ನಾ ಬಂದು ಹೇಳ್ತೀನ್ರಿ ಮಾಸ್ತರ್. ಆ ಹೆಣ್ಮಗಳಿಗಿ ಗೊತ್ತಾಗಬೇಕ್ರಿ."

ನಾನು ಅಂದದ್ದು: "ಬಾಯಿ ಮುಚ್ಚು. ಕಲಿಸಿದಾಂವ ಯಾರಂತ ಕೇಳ್ತಾರ."

ಅವಳು ಬಾಯಿ ಮುಚ್ಚಿದಳು. ಅಂದಿನಿಂದ ನನ್ನೊಡನೆ ಮಾತಾಡಿರಲಿಲ್ಲ. ಹೋದ ವಾರ ನಾನೇ ಫೋನ್ ಮಾಡಿದೆ. 'ನಿನಗೆ ತಿಳಿದದ್ದನ್ನೆಲ್ಲ ಅಧಿಕಾರಿಗೆ ಹೇಳು' ಅಂದೆ. "ನೀವು ಮೊದಲು ಹೇಳ್ರಿ," ಎಂದು ಫೋನ್ ಇಟ್ಟಳು.

ಈ ಕಾಗದವನ್ನು ನಿನ್ನ ಮಗಳು ನಿನಗೆ ಓದಿ ಹೇಳುವಳು. ನಡುವೆ ನಿಲ್ಲಿಸಿದರೆ, ಪೂರ್ತಿ ಓದು ಅನ್ನು. ಸೋಮವಾರ ಮೊದಲು ನಿನ್ನ ಮನೆಗೆ ಬರುತ್ತೇನೆ, ಅಲ್ಲಿಂದ ಚಿಂಚೋಳಿಗೆ ಹೋಗಿ ಹೇಳಿಕೆ ಬದಲಿಸುತ್ತೇನೆ. ನಿನ್ನ ಅಂಗಳದಲ್ಲಿ ನಿಂತು, ಓಣಿಯವರಿಗೆಲ್ಲ ಕೇಳುವ ಹಾಗೆ, ನನ್ನ ಬಾಯಿಂದಲೇ ಹೇಳುತ್ತೇನೆ. ನಮ್ಮ ಕಡೆ ವೈರಿ ಬಂದರೂ ಮೊದಲು 'ಕುಂದ್ರಿ' ಅನ್ನುತ್ತಾರೆ. ನೀನು ಅನ್ನಬೇಡ, ತಾಯಿ.