ಹೆಸರು ಹಾಕಿಸಿದ ಡಬರಿ

ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ. ಆ ಭಾನುವಾರ ಬೆಳಿಗ್ಗೆ, ತರೀಕೆರೆಯ ನನ್ನ ಮನೆಯಲ್ಲಿ ಅಕ್ಕ ಸ್ನಾನಕ್ಕೆ ಹೋಗಿದ್ದಾಗ, ಅವಳು ಶಿವನಿಯಿಂದ ತಂದಿದ್ದ ಹಿತಕಬೇಳೆ ಸಾರನ್ನು ಅವಳ ಸ್ಟೀಲ್ ಡಬರಿಯಿಂದ ನನ್ನ ಕುಕ್ಕರಿಗೆ ಸುರಿದೆ. ಡಬರಿಯನ್ನು ತೊಳೆದು, ಚೀಲದಲ್ಲಿ ಸುತ್ತಿ, ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. ಅಕ್ಕ ಕೇಳಿದರೆ ಹೇಳಲು ಒಂದು ಸುಳ್ಳನ್ನೂ ಸಿದ್ಧ ಮಾಡಿಕೊಂಡಿದ್ದೆ.

ಆ ಡಬರಿಯ ಮೇಲೆ ಅಪ್ಪನ ಹೆಸರಿದೆ. ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯವನೇ ಮೆಷಿನ್ ಹಿಡಿದು ಚುಕ್ಕೆ ಚುಕ್ಕೆಯಾಗಿ ಹೆಸರು ಹಾಕಿಕೊಡುತ್ತಾನೆ. ಮದುವೆಮನೆಯಲ್ಲಿ ಅದಲುಬದಲಾಗಬಾರದಲ್ಲ. ಅಪ್ಪ ಹೆಸರಿನ ಕೆಳಗೆ ಊರು, ಕೇರಿ ಎಲ್ಲ ಹಾಕಿಸಿದ್ದ. ಆ ಕೇರಿಯ ಹೆಸರು ಓದಿದವರು ನಮ್ಮ ಜಾತಿ ಯಾವುದೆಂದು ಬೇರೆ ಕೇಳಬೇಕಾಗಿಲ್ಲ. ಆಮೇಲೆ ಮನೆಮಂದಿಯೆಲ್ಲ ಬೌದ್ಧರಾದೆವು, ಗೋಡೆಯ ಪಟಗಳು ಬದಲಾದವು. ಡಬರಿ ಮಾತ್ರ ಹಾಗೇ ಉಳಿಯಿತು.

ನಾವು ಹೊರಟಿದ್ದು ಕೂಟಕ್ಕೆ. ನಿವೃತ್ತ ಮೇಷ್ಟ್ರೊಬ್ಬರು ಕಟ್ಟಿದ್ದು. ತಿಂಗಳಿಗೊಂದು ಭಾನುವಾರ, ಒಮ್ಮೆ ಕಡೂರು, ಒಮ್ಮೆ ತರೀಕೆರೆ, ಒಮ್ಮೆ ಅಜ್ಜಂಪುರ. ಗೋಡೆಗೆ ಯಾರದೋ ಚಿತ್ರ, ಮೇಜಿನ ಮೇಲೆ ಎಲ್ಲರ ಮನೆಯ ಅಡುಗೆ, ನಡುವೆ ಮಾತು. ಚಿತ್ರ ಬರೆದವರು, ಅಡುಗೆ ಮಾಡಿದವರು ಯಾರೆಂದು ಊಟ ಮುಗಿಯುವವರೆಗೆ ಹೇಳಬಾರದು ಎನ್ನುವುದು ಮೇಷ್ಟ್ರ ನಿಯಮ. ನಿಯಮ ಮಾಡುವಾಗ ಅವರಿಗೆ ಪಾತ್ರೆಗಳ ನೆನಪಾಗಿರಲಿಲ್ಲ. ಮೇಜಿನ ತುಂಬ ಯಜಮಾನರ ಹೆಸರುಗಳು ಸಾಲಾಗಿ ಕೂತಿರುತ್ತಿದ್ದವು.

ನನಗೆ ಆ ಮೇಜಿನ ಮೇಲೆ ಎರಡು ವರ್ಷದ ಸಿಟ್ಟಿತ್ತು. ಕಡೂರಿನ ಕೂಟಕ್ಕೆ ಒಮ್ಮೆ ನಾನು ಪುಳಿಯೋಗರೆ ಒಯ್ದಿದ್ದೆ. ಇದೇ ಡಬರಿ. ಕೊಬ್ಬರಿ ಮಂಡಿಯ ಯಜಮಾನರು ಕನ್ನಡಕ ಏರಿಸಿ ಹೆಸರು ಓದಿ, ಸೌಟನ್ನು ಪಕ್ಕದ ಪಾತ್ರೆಗೆ ಹಾಕಿದರು. ಉಳಿದವರೂ ಹಾಗೇ ಮಾಡಿದರು. ನನಗೆ ಹೀಗೆ ನೆನಪು. ಡೈರಿಯಲ್ಲಿ ಆ ದಿನ ಬರೆದಿರುವುದು ಎರಡೇ ಪದ: 'ಪುಳಿಯೋಗರೆ ಉಳಿಯಿತು.' ಕನ್ನಡಕ, ಸೌಟು ಯಾವುದೂ ಅಲ್ಲಿಲ್ಲ.

ಅಕ್ಕ ಶಿವನಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಬಿಡುವಾದಾಗ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಬಾಲ್ ಪೆನ್ನಿನಿಂದ ಹೆಂಗಸರ ಬೆನ್ನಿನ ಚಿತ್ರ ಬರೆಯುತ್ತಾಳೆ. ನನ್ನ ಮನೆಯಲ್ಲಿ ಅವನ್ನು ನೋಡಿದ ಮೇಷ್ಟ್ರು ಕೂಟಕ್ಕೆ ತರಲೇಬೇಕೆಂದು ಹಿಡಿದರು. ತಿಂಗಳುಗಟ್ಟಲೆ ಒಲ್ಲೆನೆಂದ ಅಕ್ಕ ಕೊನೆಗೆ, "ಒಂದ್ಸಲ ಬತ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಇನ್ಮೇಲೆ ಪೆನ್ನೇ ಮುಟ್ಟಲ್ಲ" ಅಂದಿದ್ದಳು. ಅವಳು ಹಾಗೆ ಅಂದರೆ ಹಾಗೆಯೇ.

ಮೇಷ್ಟ್ರ ಮನೆಯ ಹಾಲಿನಲ್ಲಿ ಚಿತ್ರಗಳನ್ನು ಅಂಟಿಸಿದ್ದರು. ಮಂಡಿ ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿದರು.

"ಬರೀ ಬೆನ್ನೇ ಅಲ್ರೀ! ಮುಖ ಬರೆಯಾಕೆ ಬರಲ್ವೇನೋ ಪಾಪ."

ನಾಲ್ಕು ಜನ ನಕ್ಕರು. ಅಕ್ಕ ನಿಯಮದಂತೆ ಸುಮ್ಮನೆ ಕೂತಿದ್ದಳು, ಸೆರಗಿನ ತುದಿ ಬೆರಳಿಗೆ ಸುತ್ತುತ್ತ. ನನಗೆ ಮೈ ಉರಿಯಿತು. ಉರಿಯ ಜೊತೆಗೆ ಒಂದು ಬಗೆಯ ಸಮಾಧಾನವೂ ಇತ್ತು ಎಂಬುದನ್ನು ಬರೆಯದೆ ಬಿಟ್ಟರೆ ಈ ಪುಟವೂ ಸುಳ್ಳಾಗುತ್ತದೆ. ಇವರು ಇಷ್ಟೇ ಎಂದು ನನಗೆ ಮೊದಲೇ ಗೊತ್ತಿತ್ತಲ್ಲ!

ಊಟದಲ್ಲಿ ಅದೇ ಯಜಮಾನರು ನನ್ನ ಕುಕ್ಕರಿನ ಮುಂದಿನಿಂದ ಕದಲಲಿಲ್ಲ. ಮೂರು ಸಲ ಹಾಕಿಸಿಕೊಂಡರು.

"ಯಾರ್ ಕೈಯಡುಗೆ ಕಣ್ರೀ ಇದು? ಚಿನ್ನದ ಬಳೆ ತೊಡಿಸ್ಬೇಕು ಆ ಕೈಗೆ."

ಅಕ್ಕ ಮೇಜನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ನನ್ನ ಹತ್ತಿರ ಬಂದಳು.

"ನನ್ ಡಬರಿ ಎಲ್ಲೇ?"

"ಮುಚ್ಚಳ ಸಡಿಲ ಇತ್ತಕ್ಕ. ಚೆಲ್ಲುತ್ತೆ ಅಂತ ಕುಕ್ಕರಿಗೆ ಹಾಕ್ದೆ. ಡಬರಿ ಡಿಕ್ಕೀಲಿದೆ."

"ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡ್ ಬಂದೀನಿ, ಒಂದ್ ತೊಟ್ಟು ಚೆಲ್ಲಿಲ್ಲ. ಮೇಷ್ಟ್ರ ಮನೆ ಎರಡು ಬೀದಿ ಆಚೆ. ಅಷ್ಟ್ರಲ್ಲಿ ಚೆಲ್ಲಿಬಿಡ್ತಿತ್ತಾ? ಕೀ ಕೊಡು."

ಡಬರಿಯೊಂದಿಗೆ ಒಳಗೆ ಬಂದಳು. ಕುಕ್ಕರಿನ ತಳದಲ್ಲಿದ್ದ ಸಾರನ್ನು ಅದಕ್ಕೆ ಬಗ್ಗಿಸಿ, ಹೆಸರು ಜನರಿಗೆ ಕಾಣುವಂತೆ ತಿರುಗಿಸಿಟ್ಟಳು.

"ಸಾರೂ ನಂದೇ, ಗೋಡೆ ಮೇಲಿರೋ ಬೆನ್ನೂ ನಂದೇ. ಅಳತೆ ತಗೊಳ್ಳೋವಾಗ ನಂಗ್ ಕಾಣೋದು ಬೆನ್ನು ಕಣ್ರೀ, ಕಂಡಿದ್ದು ಬರೀತೀನಿ. ಇನ್ನೊಂದ್ ಸೌಟು ಹಾಕ್ಲಾ ಯಜಮಾನ್ರೇ?"

ಅವರು ಡಬರಿ ನೋಡಿದರು. ಓದಿದರು, ಈ ಸಲ ನಾನು ಕಣ್ಣಾರೆ ಕಂಡೆ.

"ಸಾಕಮ್ಮ. ಹೊಟ್ಟೇಲಿ ಜಾಗ ಇಲ್ಲ."

ಮೇಷ್ಟ್ರು ಮಾತ್ರ ತಟ್ಟೆ ಚಾಚಿದರು. ಮಿಕ್ಕವರು ಆಗಲೇ ಕೈ ತೊಳೆದಿದ್ದರು. ಮೂರು ಸಲ ಉಂಡ ಮನುಷ್ಯನಿಗೆ ಹೊಟ್ಟೆ ತುಂಬಿತ್ತೋ, ಓದಿದ ಮೇಲೆ ತುಂಬಿತೋ? ಮೊದಲಿಂದಲೂ ಡಬರಿಯೇ ಮೇಜಿನ ಮೇಲಿದ್ದಿದ್ದರೆ ತಿಳಿಯುತ್ತಿತ್ತು. ಈಗ ತಿಳಿಯುವ ದಾರಿಯಿಲ್ಲ. ಆ ದಾರಿ ಮುಚ್ಚಿದವಳು ನಾನು.

ಬಸ್ ಸ್ಟ್ಯಾಂಡಿನಲ್ಲಿ ಜಗಳವಾಯಿತು. ಮಾತುಗಳ ಕ್ರಮ ಹಿಂದುಮುಂದಾಗಿರಬಹುದು.

"ಅವ್ರು ಜಾತಿ ನೋಡ್ತಾರೆ ಅಕ್ಕ. ನಿನ್ನ ಮನಸ್ಸು ನೋಯಬಾರದು ಅಂತ..."

"ನೋಡ್ಲಿ. ನನ್ ಮುಖಕ್ಕೇ ಹೇಳ್ಲಿ, ಏನ್ ಉತ್ತರ ಕೊಡ್ಬೇಕೋ ಕೊಡ್ತೀನಿ. ಅವ್ರಿಗಿಂತ ಮುಂಚೆ ಅಪ್ಪನ್ ಹೆಸರು ಡಿಕ್ಕೀಲಿ ಬಚ್ಚಿಟ್ಟೋಳು ಯಾರೇ?"

"ಕಡೂರಲ್ಲಿ ನನ್ನ ಪುಳಿಯೋಗರೆ ಯಾರೂ ಮುಟ್ಟಲಿಲ್ಲ. ಇದೇ ಡಬರಿ..."

"ಲೇ, ಅಪ್ಪ ಹೋಗಿ ಐದ್ ವರ್ಷ ಆಯ್ತು, ಅವಾಗಿಂದ ಆ ಡಬರಿ ನಮ್ಮನೆ ಅಟ್ಟ ಇಳಿದಿರೋದು ಇವತ್ತೇ. ನೀನ್ ಯಾವ್ದ್ರಲ್ಲಿ ಹೊತ್ಕೊಂಡ್ ಹೋಗಿದ್ಯೋ! ಅಲ್ಲದೆ ನೀನ್ ಮಾಡೋ ಪುಳಿಯೋಗರೆನ ನಾಯೂ ಮೂಸಲ್ಲ ಕಣೇ."

ನಗು ಬರುವಂಥ ಮಾತು. ಇಬ್ಬರೂ ನಗಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅಕ್ಕ ಹೇಳಿದಳು: "ಮುಂದಿನ್ ತಿಂಗ್ಳು ಅಜ್ಜಂಪುರ ಅಂತಲ್ಲ. ನಾನೇ ಹೋಗ್ತೀನಿ. ನೀನ್ ಬರ್ಬೇಡ."

ನಾನು ಹೋಗಲಿಲ್ಲ. ಆ ದಿನ ಸಂಜೆ ತಡೆಯಲಾರದೆ ಮೇಷ್ಟ್ರಿಗೆ ಫೋನ್ ಮಾಡಿದೆ.

"ಬಂದಿದ್ರಮ್ಮ ನಿಮ್ಮಕ್ಕ. ಅದೇ ಡಬರಿ ತಂದಿದ್ರು" ಅಂದರು.

"ಡಬರಿ ಖಾಲಿ ಆಯ್ತಾ ಮೇಷ್ಟ್ರೇ?"

"ಗಮನಿಸ್ಲಿಲ್ಲ ಕಣಮ್ಮ. ಹೊಸದಾಗಿ ಎಂಟು ಚಿತ್ರ ಬರ್ದಿದ್ರು. ಅದನ್ನ ಕೇಳ್ತೀಯೇನೋ ಅಂದ್ಕೊಂಡೆ."

ಪೆನ್ನು ಮುಟ್ಟಿದ್ದಾಳೆ. ಅಷ್ಟು ಗೊತ್ತಾಯಿತು. ಚಿತ್ರ ಹೇಗಿದ್ದವೆಂದು ಮೇಷ್ಟ್ರನ್ನು ಕೇಳಲು ಬಾಯಿ ಬರಲಿಲ್ಲ. ಅಕ್ಕನನ್ನೇ ಕೇಳಬೇಕು, ಅವಳು ನನ್ನ ಫೋನ್ ಎತ್ತುತ್ತಿಲ್ಲ.