ಮುಂದಿನ ಸೋಮವಾರದ ತನಕ

ಬಾವಿ ಕಟ್ಟುವುದು ನಮ್ಮ ಮನೆತನದ ಕಸುಬು. ಮನ್ನಳ್ಳಿಯ ನಮ್ಮ ಮನೆಯಿಂದ ಹೊರಟು, ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲೆಲ್ಲ ತಿಂಗಳುಗಟ್ಟಲೆ ಇದ್ದು ಕೆಲಸ ಮಾಡುತ್ತಿದ್ದೆವು. ಆಗ ನಿಜಾಮರ ಕಾಲ. ಅಣ್ಣ ಬುಟ್ಟಿಯಲ್ಲಿ ಕೂತು ಬಾವಿಗೆ ಇಳಿಯುತ್ತಿದ್ದ, ನಾನು ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದೆ.

ಹಗ್ಗ ಹಿಡಿಯುವವನು ಸಿಂದಿ-ಹೆಂಡ ಮುಟ್ಟಬಾರದು. ನಾನು ಕುಡಿಯುತ್ತಿದ್ದೆ. ಮೊದಲು ಕೆಲಸ ಮುಗಿದ ಮೇಲೆ, ಆಮೇಲೆ ಮಧ್ಯಾಹ್ನ ರೊಟ್ಟಿಯ ಜೊತೆ, ಕೊನೆಕೊನೆಗೆ ಬೆಳಿಗ್ಗೆ ಎದ್ದ ಕೂಡಲೇ, ಕೈ ನಡುಗುವುದು ನಿಲ್ಲಲೆಂದು. ಒಂದು ಬೇಸಿಗೆಯಲ್ಲಿ ಹಗ್ಗ ಕೈಜಾರಿತು. ಎರಡಾಳೆತ್ತರದಿಂದ ಅಣ್ಣ ಬಂಡೆಯ ಮೇಲೆ ಬಿದ್ದ. ಜೀವ ಉಳಿಯಿತು, ಬಲಗಾಲು ಮಾತ್ರ ಸೊಟ್ಟಗೆ ಕೂಡಿಕೊಂಡಿತು.

ಅದನ್ನು ನೋಡಲಾರದೆ ನಾನು ಇನ್ನಷ್ಟು ಕುಡಿದೆ. ಅಣ್ಣ ಆರು ತಿಂಗಳು ಏನೂ ಅನ್ನಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಕೋಲೂರಿಕೊಂಡು ನಾನು ಮಲಗಿದಲ್ಲಿಗೆ ಬಂದ.

"ಏಳು, ಬಂಡಿ ಹತ್ತು."

"ಎಲ್ಲಿಗಣ್ಣಾ?"

"ಬೀದರಕ್ಕ. ನನ್ನ ಕಾಲಂತೂ ಹೋತು, ನಿನ್ನ ಕೈಯರ ಉಳೀಲಿ."

ಬೀದರಿನಲ್ಲಿ ನಮ್ಮ ಎತ್ತುಗಳಿಗೆ ಲಾಳ ಹೊಡೆಯುವ ಒಬ್ಬ ಮುದುಕರಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಒಂದು ಕಾಲಕ್ಕೆ ಅವರೂ ಕುಡಿದು ಮನೆಮಾರು ಕಳೆದುಕೊಂಡವರೇ. ಈಗ ಪ್ರತಿ ಸೋಮವಾರ ಮಧ್ಯಾಹ್ನ ಅವರ ಅಂಗಳದ ಬೇವಿನ ಕೆಳಗೆ, ಕುಡಿತ ಬಿಟ್ಟವರೂ ಬಿಡಬೇಕೆಂದವರೂ ಕೂಡುತ್ತಿದ್ದರು. ಕಿರಾಣಿ ಅಂಗಡಿಯ ಲಿಂಗವಂತರು, ಕುರಿ ಕಾಯುವವರು, ಒಬ್ಬ ಜಟಕಾ ಹೊಡೆಯುವವ, ಹಾಲು ಮಾರುವ ಒಬ್ಬ ಮುದುಕಿ. ಆಕೆಯನ್ನು ಎಲ್ಲರೂ ಆಯಿ ಎಂದು ಕರೆಯುತ್ತಿದ್ದರು. ಉಪದೇಶ ಇರಲಿಲ್ಲ. ಹೋದ ವಾರ ಹೇಗೆ ಕಳೆಯಿತು ಎಂದು ಒಬ್ಬೊಬ್ಬರೇ ಹೇಳಬೇಕು, ಅಷ್ಟೇ.

ನನ್ನ ಸರದಿ ಬಂದಾಗ ಎದೆಯುಬ್ಬಿಸಿ ಸುಳ್ಳು ಹೇಳಿದೆ. "ನಾ ಬಿಟ್ಟು ಎಂಟು ದಿನಾ ಆತ್ರಿ."

ಆಯಿ ಮೂಗು ಮುಚ್ಚಿಕೊಂಡು ನಕ್ಕಳು. "ಯಪ್ಪಾ, ಇಲ್ಲಿ ಕೂತಾವ್ರೆಲ್ಲಾ ಕುಡದಾವ್ರೇ ಅದೀವಿ. ನಮಗ ವಾಸನಿ ಗೊತ್ತಾಗಂಗಿಲ್ಲೇನು?"

ಎಲ್ಲರೂ ನಕ್ಕರು. ಎಷ್ಟೋ ಕಾಲದ ಮೇಲೆ ನಾನೂ ನಕ್ಕೆ, ನಗುತ್ತಲೇ ಅಳು ಬಂತು. ಅಣ್ಣನ ಕಾಲಿನ ಕತೆಯನ್ನು ಅವನ ಎದುರೇ ಹೇಳಿದೆ. ಯಾರೂ ಛೀ ಎನ್ನಲಿಲ್ಲ. ಜೀವನಪೂರ್ತಿ ಬಿಡುತ್ತೇನೆಂದು ಆಣೆ ಮಾಡಲು ಹೋದರೆ ಚಾಚಾ ಕೈ ಅಡ್ಡ ಹಿಡಿದರು.

"ಅಷ್ಟು ದೊಡ್ಡ ಮಾತ ಬ್ಯಾಡ ಬೇಟಾ. ಮುಂದಿನ ಸೋಮವಾರದ ತನಕ ಕುಡಿಯಂಗಿಲ್ಲ ಅನ್ನು. ಬಸ್."

ಆ ವಾರ ಮೈಯೆಲ್ಲ ಬೆವರು, ಹೊಟ್ಟೆಯಲ್ಲಿ ಅನ್ನ ನಿಲ್ಲದು. ಅಣ್ಣ ಪಕ್ಕದಲ್ಲೇ ಕೂತು ಅಂಬಲಿ ಕುಡಿಸಿದ. ಸೋಮವಾರ ಬಂತು, ನಾನು ಹೋದೆ. ಮತ್ತೊಂದು ಬಂತು, ಹೋದೆ. ಹನ್ನೊಂದು ವಾರವಾದ ಮೇಲೆ ಭಾಲ್ಕಿಯಲ್ಲಿ ಕೆಲಸಕ್ಕಿದ್ದಾಗ ಮತ್ತೆ ಕುಡಿತಕ್ಕೆ ಬಿದ್ದುಬಿಟ್ಟೆ, ಎರಡು ದಿನ ಕುಡಿದೆ. ಮೂರನೆಯ ದಿನ ಸೋಮವಾರ. ನಸುಕಿನಲ್ಲೇ ಎದ್ದು ನಡೆದುಕೊಂಡು ಹೊರಟು, ಹೊತ್ತು ಇಳಿಯುವಾಗ ಬೀದರಿಗೆ ಬಂದೆ. ಜನ ಏಳುವ ಹೊತ್ತಾಗಿತ್ತು. ತಲೆ ತಗ್ಗಿಸಿ ನಿಂತವನನ್ನು ಚಾಚಾ ಕೇಳಿದರು:

"ಅಲ್ಲಿ ಸಿಂದಿ ಅಂಗಡಿ ಎಷ್ಟು ದೂರಿತ್ತು?"

"ಹತ್ತು ಹೆಜ್ಜಿ ರೀ."

"ನಾವು ಎಷ್ಟು ದೂರ ಇದ್ದಿವಿ?"

"ದಿನಪೂರ್ತಿ ನಡದು ಬಂದೀನ್ರಿ."

"ಮತ್ತ? ಹತ್ತಿರದ್ದು ಬಿಟ್ಟು ದೂರದಕ್ಕ ಬಂದಿ. ಗೆದ್ದಿ ನೀನು!"

ಎದ್ದವರೆಲ್ಲ ಮತ್ತೆ ಕೂತರು. ಅದೇ ನನ್ನ ಕೊನೆಯ ಕುಡಿತ.

ಮರುವರ್ಷ ಸಂತಪುರದಲ್ಲಿ ಬಾವಿಯ ಕೆಲಸ ಸಿಕ್ಕಿತು. ನಾನು ಹಗ್ಗ ಹಿಡಿದಾಗ ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರೇ ಹೊರತು ಯಾರೂ ಬುಟ್ಟಿಯ ಹತ್ತಿರ ಬರಲಿಲ್ಲ. ಅವರದು ತಪ್ಪಲ್ಲ. ಆಗ ಅಣ್ಣ ಬಂಡಿಯಿಂದ ಇಳಿದು, ಕುಂಟುತ್ತ ಬಂದು ಬುಟ್ಟಿಯಲ್ಲಿ ಕೂತ.

"ಇಳಿಸು ತಮ್ಮಾ."

"ಅಣ್ಣಾ, ನೀ ಬ್ಯಾಡೋ..."

"ಇಳಿಸು ಅಂದೆ."

ಇಳಿಸಿದೆ. ಅಂಗೈ ಸುಲಿಯಿತು, ಆದರೆ ಬೆರಳು ಕದಲಲಿಲ್ಲ. ತಳ ಮುಟ್ಟಿದವನೇ ಅಣ್ಣ ಹಾಡು ಹೇಳತೊಡಗಿದ. ಮರುದಿನದಿಂದ ಉಳಿದವರೂ ಇಳಿದರು. ಒಂಬತ್ತನೆಯ ದಿನ ಬಂಡೆಯ ಸಂದಿನಿಂದ ನೀರು ಚಿಮ್ಮಿತು, ಇಡೀ ಊರು ಬಾವಿಯ ಸುತ್ತ ಕುಣಿಯಿತು.

ಸಂತಪುರ, ಔರಾದ ಸುತ್ತಮುತ್ತಲೇ ಕೆಲಸ ಹೆಚ್ಚಾಗಿ, ವಾರವಾರ ಬೀದರಿಗೆ ಹೋಗುವುದು ಆಗದಂತಾಯಿತು. "ಅಲ್ಲೇ ಮಂದೀನ ಕೂಡ್ರಿಸು," ಎಂದರು ಚಾಚಾ. ಔರಾದದಲ್ಲಿ ಒಂದು ಹಾಳು ಧರ್ಮಶಾಲೆಯನ್ನು ಗುಡಿಸಿ ಕೂತೆವು. ಮೊದಲ ಸೋಮವಾರ ನಾನು, ಅಣ್ಣ, ಇಬ್ಬರೇ. ಎರಡನೆಯದಕ್ಕೂ ಇಬ್ಬರೇ. ಮೂರನೆಯದಕ್ಕೆ ಒಬ್ಬ ಕುರುಬ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ದೀಪಾವಳಿಯ ಹೊತ್ತಿಗೆ ಕೂರಲು ಜಾಗ ಸಾಲದಾಯಿತು.

ಒಂದು ದಿನ ಆ ಊರಿನ ಸಿಂದಿ ಅಂಗಡಿಯವನೇ ಬಂದು ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಒಳಗಿನ ಮುಖಗಳನ್ನು ಒಂದೊಂದಾಗಿ ನೋಡಿದ. ಜಗಳವೇ ಆಗುತ್ತದೆ ಎಂದುಕೊಂಡೆ.

"ನನ್ನ ಗಿರಾಕಿ ಎಲ್ಲಾ ಇಲ್ಲೇ ಕೂತಾರಲ್ರೀ! ನಾ ಒಬ್ಬನೇ ಅಲ್ಲಿ ಕೂತು ನನ್ನ ಸಿಂದಿ ನಾನೇ ಕುಡಿಯಾಕತ್ತೀನಿ."

ಅಣ್ಣ ಕೋಲನ್ನು ಬದಿಗೆ ಸರಿಸಿ, ಪಕ್ಕದಲ್ಲಿ ಜಾಗ ಮಾಡಿದ.

"ಬರ್ರಿ, ನೀವೂ ಕೂಡ್ರಿ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.