ಹುರುಳಿ ಹಾಸಿದ ತಿರುವು

ಟಿಪ್ಪರಿನ ಮುಂದಿನ ಚಕ್ರ ಆ ಹೆಂಗಸಿನ ಸೆರಗಿನ ಮೇಲೆ ನಿಂತಿತ್ತು. ಸೆರಗಿನ ಮೇಲೆ, ಅವಳ ಮೇಲಲ್ಲ. ಈಗಲೂ ಪಾತ್ರೆ ತೊಳೆಯುವಾಗಲೋ ಬಸ್ಸಿಗೆ ಕಾಯುವಾಗಲೋ ಅದು ಕಣ್ಣ ಮುಂದೆ ಬರುತ್ತದೆ. ಒಮ್ಮೊಮ್ಮೆ ಚಕ್ರ ನಿಲ್ಲುವುದೇ ಇಲ್ಲ.

ನಾನು ಸಿವಿಲ್ ಎಂಜಿನಿಯರಿಂಗ್ ಓದಿದವಳು; ಮೈಸೂರಿನ ಒಂದು ಕಚೇರಿಯಲ್ಲಿ ಕೆಲಸ. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕ ಹೊಸ ಬಡಾವಣೆಯೊಂದು ಬರುವುದಿತ್ತು. ಅಷ್ಟು ಮನೆಗಳ ಗಾಡಿಗಳನ್ನು ಆ ರಸ್ತೆ ತಡೆದುಕೊಳ್ಳುತ್ತದೆಯೇ ಎಂದು ಬಡಾವಣೆಯವರು ವರದಿ ಮಾಡಿಸಿದ್ದರು. ಅದು ಸರಿಯಿದೆಯೇ ಎಂದು ಪರಿಶೀಲಿಸುವುದು ನನ್ನ ಪಾಲಿಗೆ ಬಂತು. ರಸ್ತೆ ಸಾಕಷ್ಟು ಅಗಲವಿದೆ ಎಂದು ಬರೆದಿದ್ದರು. ಕಾಗದದಲ್ಲಿ ತಪ್ಪೇನೂ ಕಾಣಲಿಲ್ಲ. ಆದರೂ ಬಡಾವಣೆಯ ಗೇಟು ಬರುವ ತಿರುವನ್ನು ಕಣ್ಣಾರೆ ನೋಡೋಣವೆಂದು ಸಂಕ್ರಾಂತಿ ಕಳೆದ ಮೇಲೆ ಹೋದೆ.

ಅರ್ಧ ರಸ್ತೆಯ ತುಂಬ ಹುರುಳಿ ಗಿಡ ಹರಡಿತ್ತು. ಒಣಗಿದ ಗಿಡವನ್ನು ಟಾರಿನ ಮೇಲೆ ಹಾಸಿದರೆ ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ನಮ್ಮ ಕಡೆ ಇದು ಹೊಸದಲ್ಲ. ನಾನು ಅಳತೆ ಟೇಪು ಬಿಚ್ಚುತ್ತಿದ್ದೆ. ಗಂಡ ಹೆಂಡತಿ ಕೂತಿದ್ದ ಬೈಕೊಂದು ತಿರುವು ದಾಟಿ ಹುರುಳಿಯ ಮೇಲೆ ಬಂದು, ಎಣ್ಣೆಯ ಮೇಲೆ ಬಂದಂತೆ ಜಾರಿಬಿತ್ತು. ಹಿಂದೆಯೇ ಜಲ್ಲಿ ತುಂಬಿದ ಟಿಪ್ಪರು. ಬ್ರೇಕು ಒತ್ತಿದರೆ ಅದೂ ಜಾರಿತು, ಆಮೇಲೆ ನಿಂತಿತು.

ಡ್ರೈವರು ಇಳಿದವನೇ, ಅಂಚಿನಲ್ಲಿ ಗಿಡ ತಿರುವಿಹಾಕುವ ಕವೆಗೋಲು ಹಿಡಿದು ನಿಂತಿದ್ದ ಹಿರಿಯ ಹೆಂಗಸಿನ ಮೇಲೆ ಹರಿಹಾಯ್ದ. "ಉಳ್ಳಿ ಆಕೋಕೆ ರೋಡೇನು ನಿಮ್ಮಪ್ಪುಂದಾ?"

"ನಮ್ಮಪ್ಪುಂದೂ ಅಲ್ಲ, ನಿಮ್ಮಪ್ಪುಂದೂ ಅಲ್ಲ ಕಣ್ಲಾ. ಮೆತ್ತಗೆ ಓಡ್ಸುದ್ರೆ ನಿನ್ ಗಂಟೇನ್ ಓದದು?" ಎಂದಳು ಆಕೆ.

ಬಿದ್ದವಳ ಗಂಡ ಬೈಕ್ ಎತ್ತಿ ಕನ್ನಡಿ ನೋಡಿದ. ಅವಳು ರಸ್ತೆ ಬದಿಯಲ್ಲಿ ಕೂತು ಸೆರಗನ್ನು ಕೊಡವುತ್ತಲೇ ಇದ್ದಳು. ಅವರೆಲ್ಲ ಹೋದ ಮೇಲೆ ಹುರುಳಿಯಾಕೆ ನನಗೆ ಚೊಂಬಿನಲ್ಲಿ ನೀರು ಕೊಟ್ಟಳು. "ಕುತ್ಕೊ ಕಣವ್ವಾ. ಬಿದ್ದೋಳೇ ಎದ್ದೋದ್ಲು, ನೀನ್ಯಾಕಿಂಗ್ ನಡುಗ್ತೀಯೆ?"

ನೀರು ಕುಡಿಯುವಾಗಲೂ ಒಂದು ಪ್ರಶ್ನೆ ತಲೆಯಲ್ಲಿ ಕೂತಿತ್ತು. ದಾರಿಯುದ್ದಕ್ಕೂ ನೇರ ರಸ್ತೆ ಖಾಲಿ ಬಿದ್ದಿದೆ. ಈ ತಿರುವಿನಲ್ಲೇ ಯಾಕೆ ಹಾಸಿದಿರಿ ಎಂದು ಕೇಳಿದೆ.

"ಓದೊರ್ಸದ್ ಗಂಟ ಕಣದಲ್ಲೇ ಮಾಡ್ತಿದ್ವಿ. ಅಗಾ, ಸೈಟ್ ಮಾಡೋರು ಬಣ್ಣದ ಕಲ್ಲು ನೆಟ್ಟವ್ರಲ್ಲ, ಅಲ್ಲೇ ಇತ್ತು. ಜಮೀನು ಬ್ಯಾರೆಯೋರ್ದು, ಮಾರ್ಕಂಡ್ರು. ಈಗ ಒಲದಿಂದ ಒತ್ಕಂಡ್ ಬಂದ್ರೆ ಮೊದ್ಲು ಸಿಗಾದೇ ಈ ತಿರುವು."

ನಾನು ನಕ್ಷೆ ಬಿಡಿಸಿ ನೋಡಿದೆ. ಅಲ್ಲಿ ಖುಷ್ಕಿ ಜಮೀನು ಎಂದಷ್ಟೇ ಇತ್ತು. ಖಾಸಗಿ ಹೊಲದ ಮೂಲೆಯಲ್ಲಿ ನೆರೆಯವರು ಒಕ್ಕಣೆ ಮಾಡುವುದನ್ನು ಯಾವ ನಕ್ಷೆ ತೋರಿಸುತ್ತದೆ? ವರದಿಗಾಗಿ ಸರ್ವೆ ನಡೆದದ್ದು ಮಳೆಗಾಲದಲ್ಲಿ. ಆಗ ರಸ್ತೆ ಬರಿದಾಗಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ. ಬಡಾವಣೆ ಒಂದು ಕಡೆ ಕಣವನ್ನು ರಸ್ತೆಗೆ ತಳ್ಳಿತ್ತು, ಇನ್ನೊಂದು ಕಡೆ ಅದೇ ಜಾಗಕ್ಕೆ ಕಾರುಗಳನ್ನು ಇಳಿಸಲು ಹೊರಟಿತ್ತು.

"ನೀ ಬರ್ದ್ರೆ ನಮ್ದ ಎತ್ತುಸ್ಬುಡ್ತಾರಾ?" ಎಂದು ಕೇಳಿದಳು. ಬರೆದರೆ ಎತ್ತಿಸಲೂಬಹುದು. ಬರೆಯದಿದ್ದರೆ ಮುಂದಿನ ಸುಗ್ಗಿಗೆ ಚಕ್ರ ಸೆರಗಿನ ಮೇಲೇ ನಿಲ್ಲದೆ ಹೋಗಬಹುದು.

ಕಚೇರಿಗೆ ಮರಳಿ ಹೇಳಿದಾಗ ನಮ್ಮ ಹಿರಿಯ ಎಂಜಿನಿಯರು ನಕ್ಕರು. "ಟ್ರಾಫಿಕ್ ರಿಪೋರ್ಟಲ್ಲಿ ಹುರುಳಿ ಸಾರು ಮಾಡ್ತೀಯೇನಮ್ಮಾ? ರಸ್ತೆ ಮೇಲೆ ಹಾಕಬಾರದು ಅಂತ ಒಂದು ಸಾಲು ಬರಿ, ಮುಗೀತು."

"ಹಾಗೆ ಬರೆದ್ರೆ ಅವರು ಎಲ್ಲಿ ಹಾಕ್ತಾರೆ ಸರ್?"

"ಅದು ನಮ್ಮ ಕೆಲಸ ಅಲ್ಲ."

"ಅವರ ಕಣ ಹೋಗಿದ್ದು ಬಡಾವಣೆಯಿಂದಾನೇ ಅಲ್ವಾ ಸರ್? ಅಂದ್ಮೇಲೆ ಅದೂ ಬಡಾವಣೆಯ ಪರಿಣಾಮವೇ, ವರದಿಯಲ್ಲಿ ಬರಬೇಕು."

ಅವರು ಮಾರನೆಯ ದಿನ ನನ್ನ ಜೊತೆ ಆ ತಿರುವಿಗೆ ಬಂದರು. ಹುರುಳಿಯ ಮೇಲೆ ಬೂಟುಗಾಲು ಉಜ್ಜಿ ನೋಡಿ, ಜಾರಿ ನನ್ನ ಭುಜ ಹಿಡಿದುಕೊಂಡರು. ಅಲ್ಲೇ ನಿಂತು ಎರಡು ಷರತ್ತು ಹೇಳಿ ಬರೆಸಿದರು: ಗೇಟು ತಿರುವಿನಿಂದ ಹಳ್ಳಿಯ ಓಣಿಯ ಕಡೆಗೆ ಸರಿಯಬೇಕು, ಬಡಾವಣೆಯ ಹಿಂದಿನ ಮೂಲೆಯಲ್ಲಿ ತೋರಿಸಿರುವ ಖಾಲಿ ಜಾಗವನ್ನು ಮುಂದಕ್ಕೆ ತಂದು, ಸುಗ್ಗಿಯಲ್ಲಿ ಕಣವಾಗಿ ಬಿಟ್ಟುಕೊಡಬೇಕು.

ನಾನು ಅದನ್ನು ಆಕೆಗೆ ಹೇಳಿದೆ. ಬಡಾವಣೆಯವರು ಒಪ್ಪಬೇಕು, ಮೇಲಿನವರು ನೋಡಬೇಕು ಎಂದೂ ಹೇಳಿದೆ.

"ಅಲ್ಲೀಗಂಟ?"

ತಿರುವಿನಿಂದ ಆಚೆ, ದೂರದಿಂದಲೇ ಕಾಣುವ ನೇರ ರಸ್ತೆಯ ಪಕ್ಕದ ಮಣ್ಣಂಚು ತೋರಿಸಿ, ಅಲ್ಲಿ ಹಾಕಿ ಕೋಲಿನಿಂದ ಬಡಿದುಕೊಳ್ಳಿ ಎಂದೆ. ಅಷ್ಟು ದೂರ ಯಾರು ಹೊರೋದು ಎಂದಳು. ನಾನು ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ, ಹುರುಳಿಯ ಒಂದು ಹೊರೆ ಎತ್ತಿಕೊಂಡೆ. ನಮ್ಮ ಹಿರಿಯರು ಕಾರಿನಿಂದ ಕೆಂಪು ಬಟ್ಟೆ ತಂದು ತಿರುವಿನಲ್ಲಿ ನಿಂತರು. ಹಿಂದೆ ಗಾಡಿಯ ಸದ್ದಾದಾಗಲೆಲ್ಲ ನಾನು ಹೊರೆಯ ಸಮೇತ ರಸ್ತೆಯಿಂದ ಇಳಿದು ನಿಲ್ಲುತ್ತಿದ್ದೆ. ಆಕೆಯೂ ನನ್ನ ಪಕ್ಕದಲ್ಲೇ ಇಳಿದು ನಿಲ್ಲುತ್ತಿದ್ದಳು.